ನಾಲ್ಕನೆಯ ರೊಟ್ಟಿ

ತಾಂಡೂರು
೧೨ ಆಗಸ್ಟ್ ೨೦೨೪

ತಂಗಿ ಜಗದೇವಿ,

ನಿನ್ನ ಅಣ್ಣ ಶಂಕ್ರೆಪ್ಪ ಬರೆಯುವ ಕಾಗದ. ಶಾಲೆ ಬಿಟ್ಟ ಮೇಲೆ ಇಷ್ಟು ಬರೆಯುತ್ತಿರುವುದು ಇದೇ ಮೊದಲು, ಅಕ್ಷರ ನೋಡಿ ನಗಬೇಡ.

ಫೋನು ನನಗೆ ಉಪಯೋಗವಿಲ್ಲ, ನಿನಗೆ ಗೊತ್ತಿದ್ದದ್ದೇ. ಮೂವತ್ತು ವರ್ಷ ಕಲ್ಲು ಕೊರೆಯುವ ಮಷಿನ್ನಿನ ಮುಂದೆ ನಿಂತ ಕಿವಿ. ಎರಡು ವರ್ಷದಿಂದ ಪೂರ್ತಿ ಮುಚ್ಚಿದೆ. ನಿನ್ನ ಅತ್ತಿಗೆ ಉಮಾ ಇದ್ದಾಗ ಫೋನು ಅವಳೇ ಎತ್ತಿ ಕೈಸನ್ನೆಯಲ್ಲಿ ಹೇಳುತ್ತಿದ್ದಳು. ಅವಳು ಮಣ್ಣಾಗಿ ಮೂರು ತಿಂಗಳಾಯಿತು. ಫೋನು ಕಪಾಟಿನಲ್ಲಿ ಬಿದ್ದಿದೆ.

ಒಂದು ಕೆಲಸ ಆಗಬೇಕು. ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ಉಂಡು ಉಂಡು ಹೊಟ್ಟೆ ಉರಿ ಹತ್ತಿದೆ. ಮನೆಯಲ್ಲೇ ಸಪ್ಪಗೆ ಮಾಡಿಕೊಂಡು ಉಣ್ಣಿರಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ಕೊಟ್ಟರು. ಐವತ್ತೇಳು ವರ್ಷದಲ್ಲಿ ನಾನು ಗ್ಯಾಸು ಹಚ್ಚಿದವನಲ್ಲ. ಪಕ್ಕದ ಮನೆಯ ಭೀಮಮ್ಮ ತನ್ನ ಫೋನಿನಲ್ಲಿ ಅಡುಗೆಯ ವಿಡಿಯೊ ತೋರಿಸಿದಳು. ಬಾಯಿ ಆಡುತ್ತದೆ, ಕೈ ಆಡುತ್ತದೆ, ಏನು ಹೇಳುತ್ತಾರೋ ನನಗೆ ತಿಳಿಯಬೇಕಲ್ಲ. ನನಗೆ ಪುಸ್ತಕವೇ ಬೇಕು. ಇಲ್ಲಿಯ ಅಂಗಡಿಯಲ್ಲಿ ಇರುವುದೆಲ್ಲ ತೆಲುಗು. ಬಸ್ಸಿನ ಬೋರ್ಡು ಓದುವಷ್ಟು ತೆಲುಗು ನನ್ನದು.

ನೀನು ಓದುವ ಅಭ್ಯಾಸ ಇಟ್ಟುಕೊಂಡವಳು. ಏನೂ ಬಾರದವನಿಗೆ, ಒಬ್ಬನೇ ಇರುವವನಿಗೆ, ಯಾವ ಪುಸ್ತಕ ಸರಿ ಎಂದು ನೋಡಿ ಕಳಿಸು. ಅಕ್ಕಿಗೆ ನೀರು ಎಷ್ಟು ಎಂಬಲ್ಲಿಂದ ಶುರುವಾಗಬೇಕು.

ಉಮಾನ ಮಣ್ಣಿಗೆ ನೀನು ಬಂದಿದ್ದೆ. ಮೂರು ಹಿಡಿ ಮಣ್ಣು ಹಾಕಿ ಅಲ್ಲಿಂದಲೇ ಬಸ್ಸು ಹತ್ತಿದೆ. ಮನೆಯ ತನಕ ಬರಲಿಲ್ಲ. ನಾನು ಏನೂ ಅನ್ನುವುದಿಲ್ಲ.

ಶಂಕ್ರೆಪ್ಪ


ನಾರಾಯಣಖೇಡ್
೨೨ ಆಗಸ್ಟ್ ೨೦೨೪

ಅಣ್ಣ,

ಲಿಂಗಪೂಜೆ ಮುಗಿಸಿ ಕೂತು ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿ ಕಾಶಪ್ಪನವರು ನಕ್ಕರು. ಅವರೂ ಗ್ಯಾಸು ಹಚ್ಚಿದವರಲ್ಲ, ಅವರ ನಗುವಿಗೆ ಬೆಲೆಯಿಲ್ಲ. ಗಂಡನಾದವನು ನಗಲಿ ಎಂದು ಬಿಟ್ಟೆ.

ಪುಸ್ತಕಕ್ಕಾಗಿ ಝಹೀರಾಬಾದಿಗೆ ಹೋಗಿದ್ದೆ. ಅಲ್ಲಿ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಲತೀಬಾಯಿ ಇದ್ದಾರೆ. ಅವರು ಬೀದರದಿಂದ ಮೂರು ಪುಸ್ತಕ ತರಿಸಿಟ್ಟಿದ್ದರು. ಇಬ್ಬರೂ ಕಟ್ಟೆಯ ಮೇಲೆ ಕೂತು ಹೆಣ್ಣು ನೋಡಿದ ಹಾಗೆ ನೋಡಿದೆವು. ಒಂದು ಇಟ್ಟಂಗಿಯಷ್ಟು ದಪ್ಪ, ಸಾವಿರಕ್ಕೂ ಮೇಲೆ ಅಡುಗೆ. ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ನಿನ್ನ ಹಸಿವೆಯೇ ಸತ್ತುಹೋಗುತ್ತದೆ. ಇನ್ನೊಂದರ ತುಂಬ ಬಣ್ಣದ ಚಿತ್ರ. ಮಾಲತೀಬಾಯಿ ಅದನ್ನು ಕೈಗೇ ತೆಗೆದುಕೊಳ್ಳಲಿಲ್ಲ: "ಚಿತ್ರ ನೋಡಕೋತ ಕುಂತ್ರ ನಿಮ್ಮಣ್ಣನ ಬ್ಯಾಳಿ ಸೀದು ಹೋಗ್ತದ್ರಿ, ಜಗದೇವಿ." ಮೂರನೆಯದು ತೆಳು, ಕೆಂಪು ರಟ್ಟು. ಮನೆ ಬಿಟ್ಟು ಹೋಗಿ ಕೋಣೆ ಮಾಡಿಕೊಂಡಿರುವ ಹುಡುಗರಿಗೆಂದು ಬರೆದದ್ದು. ಮೊದಲ ಪಾಠ ಬೆಂಕಿ ಹಚ್ಚುವುದು, ಎರಡನೆಯದು ನೀರು ಕಾಯಿಸುವುದು. ಚಮಚೆ, ಬಟ್ಟಲು ಎಂದು ಅಳತೆ ಕೊಟ್ಟಿದ್ದಾರೆ. ಅದನ್ನೇ ಆರಿಸಿದೆ.

ಪೆನ್ಸಿಲ್ಲಿನಿಂದ ಅಲ್ಲಲ್ಲಿ ತಿದ್ದಿದ್ದೇನೆ. ಬರೆದವರು ಕೆಳಗಿನ ಸೀಮೆಯವರು, ಎಲ್ಲದಕ್ಕೂ ತೆಂಗಿನಕಾಯಿ ಹಾಕುತ್ತಾರೆ. ಅದನ್ನು ಹೊಡೆದು ಶೇಂಗಾ ಪುಡಿ ಎಂದು ಬರೆದಿದ್ದೇನೆ. ರುಚಿಗೆ ತಕ್ಕಷ್ಟು ಉಪ್ಪು ಎಂದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅರ್ಧ ಚಮಚೆ ಎಂದು ಮಾಡಿದ್ದೇನೆ. ನಾಲ್ಕು ಜನರಿಗೆ ಎಂದಿದ್ದನ್ನು ಒಬ್ಬನಿಗೆ ಇಳಿಸಿದ್ದೇನೆ.

ಮೊದಲ ಪುಟ ನೋಡು. ಅಡುಗೆ ಶುರು ಮಾಡುವ ಮುಂಚೆ ಎಲ್ಲ ಡಬ್ಬಿಗಳನ್ನು ಬರಿದು ಮಾಡಿ, ತೊಳೆದು ಬಿಸಿಲಿಗಿಡಿ ಎಂದಿದೆ. ಅದರ ಪಕ್ಕದಲ್ಲಿ ದಪ್ಪಗೆ ಬರೆದಿದ್ದೇನೆ: ಹಿಟ್ಟಿನ ಡಬ್ಬಿ ಬಿಟ್ಟು. ಆ ಡಬ್ಬಿ ಅವ್ವ ಕೊನೆಯ ಸಲ ನನ್ನ ಮನೆಯಿಂದ ನಿನ್ನ ಮನೆಗೆ ಬರುವಾಗ ತಂದದ್ದು. ಅದರ ತಳದಲ್ಲಿ ನಾನೇ ಕಟ್ಟಿ ಇಟ್ಟ ಗಂಟಿದೆ. ಐದು ಹಿಡಿ ಹೊಸ ಜೋಳ, ಅರಿಷಿಣದ ಬೇರು, ಅಡಿಕೆ. ಡಬ್ಬಿ ಬರಿದಾಯಿತು ಎಂಬ ಮಾತು ಬರಬಾರದೆಂದು ನಮ್ಮ ಮನೆತನದವರು ಕಟ್ಟುವ ಗಂಟು. ಬಿಚ್ಚಿದರೆ ಮನೆಯ ಬರಕತ್ತು ಹೋಗುತ್ತದೆ. ಪುಸ್ತಕದವರಿಗೆ ಇದೆಲ್ಲ ಏನು ಗೊತ್ತು.

ಇಲ್ಲಿಗೇ ಬಂದು ಇರು ಎಂದರೆ ನೀನು ಬರುವುದಿಲ್ಲ. ನಾನು ಅಲ್ಲಿಗೆ ಬರುವ ಮಾತು ಎತ್ತಬೇಡ. ಆ ಮನೆಯ ನೀರು ಮುಟ್ಟುವುದಿಲ್ಲ ಎಂದು ಲಿಂಗ ಹಿಡಿದು ಆಡಿದವಳು ನಾನು. ಒಂಬತ್ತು ವರ್ಷ ನಡೆಸಿದ್ದೇನೆ.

ಜಗದೇವಿ


ತಾಂಡೂರು
೬ ಸೆಪ್ಟೆಂಬರ್ ೨೦೨೪

ಜಗದೇವಿ,

ಪುಸ್ತಕ ಬಂತು. ಮಷಿನ್ನಿನ ಜೊತೆ ಬರುವ ಪುಸ್ತಕ ಓದಿದ ಹಾಗೆ ಮೊದಲು ಪೂರ್ತಿ ಓದಿದೆ, ಆಮೇಲೆ ಗ್ಯಾಸಿಗೆ ಕೈ ಹಾಕಿದೆ. ಗಾಳಿಗೆ ಪುಟ ಹಾರಬಾರದೆಂದು ಒಂದು ಕಲ್ಲಿನ ತುಣುಕು ಹೇರಿಟ್ಟಿದ್ದೇನೆ.

ಅನ್ನ ಮೂರನೆಯ ದಿನಕ್ಕೆ ಸರಿಹೋಯಿತು. ಬೇಳೆಗೆ ಕುಕ್ಕರು ಮೂರು ಸೀಟಿ ಹೊಡೆಯುವ ತನಕ ಕಾಯಿರಿ ಎಂದಿದ್ದಾರೆ. ಯಾರ ಮುಂದೆ ಹೇಳಲಿ. ಎದುರಿಗೆ ಕೂತು ಹಬೆ ಎಷ್ಟು ಸಲ ಚಿಮ್ಮಿತು ಎಂದು ಕಣ್ಣಿನಿಂದ ಎಣಿಸುತ್ತೇನೆ. ನಿನ್ನ ಅರ್ಧ ಚಮಚೆ ಉಪ್ಪು ಸರಿಯಾಗಿದೆ. ಹೊಟ್ಟೆ ಉರಿ ಕಡಿಮೆ. ನಿನ್ನ ಮಾತಿನಂತೆ ಹಿಟ್ಟಿನ ಡಬ್ಬಿ ಮುಟ್ಟಿಲ್ಲ. ಆ ಪುಸ್ತಕದಲ್ಲಿ ರೊಟ್ಟಿ ಇಲ್ಲ.

ಇನ್ನೊಂದು ಸಂಗತಿ. ನಕ್ಕರೂ ನಗು.

ಅಡುಗೆಮನೆಯಲ್ಲಿ ಉಮಾ ರೊಟ್ಟಿ ಬಡಿಯುವ ಕಲ್ಲು ನಾನೇ ಕೊರೆದು ನುಣುಪು ಮಾಡಿ ಕೊಟ್ಟದ್ದು. ನೆಲಕ್ಕೇ ಕೂರಿಸಿದ್ದೇನೆ. ಮನೆಯ ಹಾಸುಗಲ್ಲೆಲ್ಲ ಒಂದಕ್ಕೊಂದು ಕಚ್ಚಿಕೊಂಡಿವೆ. ಕಿವಿ ಹೋದ ಮೇಲೂ ಅವಳು ರೊಟ್ಟಿ ಬಡಿಯುವುದು ಮುಂದಿನ ಕೋಣೆಯಲ್ಲಿ ಕೂತ ನನಗೆ ಅಂಗಾಲಿನಿಂದ ತಿಳಿಯುತ್ತಿತ್ತು. ಅದರಿಂದಲೇ ನನಗೆ ಬೆಳಗಾಗುತ್ತಿತ್ತು.

ಈಗಲೂ ತಿಳಿಯುತ್ತದೆ, ಜಗದೇವಿ. ಮುಂಜಾನೆ ಐದೂವರೆಗೆ. ಮಂಚದಿಂದ ಕಾಲು ಕೆಳಗಿಟ್ಟ ಕೂಡಲೇ. ಬಡಿಯುವುದು, ನಿಲ್ಲುವುದು, ಅಂದರೆ ರೊಟ್ಟಿ ಹಂಚಿಗೆ ಹೋಯಿತು. ಮತ್ತೆ ಬಡಿಯುವುದು. ದಿನಾ ನಾಲ್ಕು. ಎದ್ದು ಹೋದರೆ ಯಾರೂ ಇಲ್ಲ, ಕಲ್ಲು ತಣ್ಣಗಿರುತ್ತದೆ. ಹೆದರಿಕೆ ಏನೂ ಆಗುವುದಿಲ್ಲ. ಅಂಗಾಲು ಎತ್ತಲು ಮನಸ್ಸಾಗುವುದಿಲ್ಲ, ಅಷ್ಟೇ.

ಶಂಕ್ರೆಪ್ಪ


ನಾರಾಯಣಖೇಡ್
೧೫ ಸೆಪ್ಟೆಂಬರ್ ೨೦೨೪

ಅಣ್ಣ,

ನಗಲಿಲ್ಲ. ಎರಡು ದಿನ ಈ ಕಾಗದ ದೇವರ ಜಗಲಿಯ ಮೇಲಿಟ್ಟಿದ್ದೆ.

ಅದು ಭೀಮಮ್ಮ ಗೋಡೆಯ ಆಚೆ ರೊಟ್ಟಿ ಬಡಿಯುವುದು ಇರಬೇಕು. ಅದಲ್ಲದಿದ್ದರೆ ನಮ್ಮ ಮನೆಯ ಗುರು ಹಣಮಯ್ಯನವರನ್ನು ಕರೆಸು. ಪಾದೋದಕ ಮನೆ ತುಂಬ ಚಿಮುಕಿಸಲಿ. ಅಡುಗೆಮನೆಯ ಹೊಸ್ತಿಲಿಗೆ ವಿಭೂತಿ ಎಳೆ. ಹೋದವರು ಹೋಗಬೇಕು. ಹೋಗದೆ ನಿಂತರೆ ಅವರಿಗೆ ಏನೋ ಬಾಕಿ ಉಳಿದಿದೆ ಎಂದೇ ಅರ್ಥ.

ಬಾಯಿಗೆ ಬಂದದ್ದು ಬರೆದುಬಿಡುತ್ತೇನೆ. ನೀವು ಇಬ್ಬರೇ ಇದ್ದವರು, ಮಕ್ಕಳಿಲ್ಲ. ನಿನಗೆ ಎರಡು, ಅವಳಿಗೆ ಒಂದು. ನಾಲ್ಕನೆಯ ರೊಟ್ಟಿ ಯಾರಿಗೆ? ಬೇಕಾದವರಿಗೆ ಆ ಮನೆಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಇರಲಿಲ್ಲವಲ್ಲ. ನಾನು ಒಂಬತ್ತು ವರ್ಷದ ಹಿಂದೆ ಬಂದಾಗ ಅವ್ವ ಹಾಸಿಗೆಯ ಮೇಲೆ ಒಣಗಿದ ತೊಗರಿ ಕಟ್ಟಿಗೆಯ ಹಾಗೆ ಬಿದ್ದಿದ್ದಳು. ತುಟಿ ಸೀಳಿದ್ದವು. ನಾಲಿಗೆ ಹೊರಳುತ್ತಿರಲಿಲ್ಲ. ನನ್ನ ಮನೆಯಿಂದ ಹದಿಮೂರು ದಿನದ ಹಿಂದೆ ತನ್ನ ಕಾಲಿನಿಂದ ನಡೆದು ಬಸ್ಸು ಹತ್ತಿದ ಹೆಂಗಸು. ಅವತ್ತೇ ಸಂಜೆ ಹೋದಳು.

ಮಣ್ಣಾದ ಮೇಲೆ ನಾನು ಕೇಳಿದ್ದು ನಿನಗೂ ನೆನಪಿದೆ. "ನನ್ನ ಅವ್ವನ್ನ ಉಪವಾಸ ಕೆಡವಿ ಕೊಂದಿ, ಉಮಾ ವೈನಿ" ಎಂದೆ. ಅವಳು ತಲೆ ಎತ್ತಲಿಲ್ಲ. "ದಿನಾ ರೊಟ್ಟಿ ಬಡದೀನಿ, ಜಗದೇವಿ" ಎಂದಳು. ಅಷ್ಟೇ. ತಪ್ಪಿಲ್ಲದವರು ಅಷ್ಟಕ್ಕೇ ಬಾಯಿ ಮುಚ್ಚುತ್ತಾರೆಯೇ?

ಜಗದೇವಿ


ನಾರಾಯಣಖೇಡ್
೩ ಅಕ್ಟೋಬರ್ ೨೦೨೪

ಅಣ್ಣ,

ನಿನ್ನಿಂದ ಕಾಗದವಿಲ್ಲ. ಹದಿನೆಂಟು ದಿನ. ಕಾಶಪ್ಪನವರು ಬಜಾರಿನಲ್ಲಿ ತಾಂಡೂರಿನಿಂದ ಬಂದ ತೊಗರಿ ವ್ಯಾಪಾರಿಯೊಬ್ಬರನ್ನು ಕೇಳಿದರಂತೆ. ನೀನು ಹಾಲಿನ ಅಂಗಡಿಯ ಮುಂದೆ ಕಂಡೆ ಎಂದರಂತೆ. ಇದ್ದೀಯಲ್ಲ, ಸಾಕು.

ನಿನ್ನೆ ಅಮಾವಾಸ್ಯೆಗೆ ಹಿರಿಯರ ಎಡೆ ಇಟ್ಟೆ. ಅವ್ವನ ಹೆಸರಿನಲ್ಲಿ ಕಡಬು, ಪುಂಡಿಪಲ್ಲೆ, ಬಿಸಿ ರೊಟ್ಟಿ. ಉಮಾ ವೈನಿಯ ಹೆಸರಿನಲ್ಲಿ ಇಡಲಿಲ್ಲ. ಇಡಬೇಕಿತ್ತೋ ಏನೋ, ಕೈ ಮುಂದಾಗಲಿಲ್ಲ.

ಪುಸ್ತಕದಲ್ಲಿ ಇಲ್ಲದ ರೊಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಒಂದು ಬಟ್ಟಲು ಹಿಟ್ಟು, ಮುಕ್ಕಾಲು ಬಟ್ಟಲು ಕುದಿಯುವ ನೀರು. ಅಂಗೈಯಿಂದ ತಿಕ್ಕಿ ನಾದು. ಬಡಿಯುವಾಗ ಹೆದರಬೇಡ, ಹೆದರಿದ ಕೈಗೆ ಅಂಚು ಸೀಳುತ್ತದೆ. ಮೊದಲ ಹತ್ತು ಕೆಡುತ್ತವೆ. ಕೆಟ್ಟದ್ದನ್ನೂ ಚೆಲ್ಲಬೇಡ, ಪ್ರಸಾದ.

ನಾನು ಕಠಿಣ ಬರೆದೆನೆಂದು ಮಾಲತೀಬಾಯಿ ಅನ್ನುತ್ತಾರೆ. ಅವರಿಗೆ ಕಾಗದ ತೋರಿಸಬಾರದಿತ್ತು. ಒಂದು ಸಾಲು ಬರೆ.

ಜಗದೇವಿ


ತಾಂಡೂರು
೯ ಅಕ್ಟೋಬರ್ ೨೦೨೪

ಜಗದೇವಿ,

ಗೋಡೆಯ ಆಚೆ ಭೀಮಮ್ಮ ಇಲ್ಲ. ಗೌರಿ ಹಬ್ಬಕ್ಕೆ ಮಗಳ ಮನೆಗೆ ಹೋದವಳು ಇನ್ನೂ ಬಂದಿಲ್ಲ. ಆ ಮನೆಗೆ ಬೀಗ.

ನಾಲ್ಕನೆಯ ರೊಟ್ಟಿ ಯಾರಿಗೆ ಎಂದು ಕೇಳಿದೆ. ಹೇಳಬಾರದೆಂದು ಉಮಾ ಆಣೆ ಮಾಡಿದ್ದಳು. ನಾನು ಮಾಡಿರಲಿಲ್ಲ. ಅವಳ ಆಣೆ ಅವಳ ಜೊತೆ ಮಣ್ಣಿಗೆ ಹೋಯಿತೆಂದು ತಿಳಿದು ಬರೆಯುತ್ತೇನೆ. ಬರೆಯಲೋ ಬೇಡವೋ ಎಂಬುದರಲ್ಲೇ ಇಷ್ಟು ದಿನ ಹೋದವು.

ಅವ್ವ ನಿನ್ನ ಮನೆಯಿಂದ ಬಂದ ಸಂಜೆ ಕೈಕಾಲು ತೊಳೆದು ಪೂಜೆಗೆ ಕೂತಳು. ಕೊರಳಿನ ಲಿಂಗವಸ್ತ್ರ ಬಿಚ್ಚಿದಳು. ಒಳಗೆ ಲಿಂಗ ಇರಲಿಲ್ಲ. ವಸ್ತ್ರದ ಬುಡ ಪಿಸಿದು ತೂತಾಗಿತ್ತು. ದಾರ ಕೊರಳಲ್ಲಿ ಹಾಗೇ ಇತ್ತು. ಎಲ್ಲಿ ಜಾರಿತೋ ಗೊತ್ತಾಗಲಿಲ್ಲ. ನಾನು ಅವತ್ತೇ ಬಸ್ಸಿನ ಡಿಪೊಗೆ ಓಡಿದೆ. ಮರುದಿನ ಝಹೀರಾಬಾದಿನ ಸ್ಟ್ಯಾಂಡಿನಲ್ಲಿ ಬಸ್ಸು ನಿಂತ ಜಾಗವನ್ನೆಲ್ಲ ಕೈಯಿಂದ ತಡವಿದೆ. ಉಮಾ ಅಂಗಳದ ಮಣ್ಣು ಜರಡಿ ಹಿಡಿದಳು.

ಹಣಮಯ್ಯನವರು ಬೇರೆ ಲಿಂಗ ಕಟ್ಟುತ್ತೇನೆ ಎಂದರು. ಅವ್ವ ಒಪ್ಪಲಿಲ್ಲ. "ಹುಟ್ಟಿದಾಗ ಗುರು ಕಟ್ಟಿದ್ದು ಕಳಕೊಂಡು, ಹೋಗೋ ಹೊತ್ತಿನ್ಯಾಗ ಬ್ಯಾರೆ ಕಟ್ಟಿಸಿಕೊಳ್ಳಲೇನು? ಅದು ಸಿಗಲಿ, ಆಮ್ಯಾಗ ಪ್ರಸಾದ." ಲಿಂಗಕ್ಕೆ ತೋರಿಸದೆ ಉಣ್ಣದವಳು, ನೀರು ಬಿಟ್ಟು ಏನೂ ಮುಟ್ಟಲಿಲ್ಲ. ದವಾಖಾನೆಗೆ ಹೋಗೋಣ ಎಂದರೆ ಮಂಚದ ಕಾಲು ಗಟ್ಟಿ ಹಿಡಿದುಕೊಂಡಳು. ನಿನಗೆ ತಿಳಿಸುತ್ತೇನೆ ಎಂದಾಗ ಉಮಾನ ಕೈ ಎಳೆದು ಅವಳ ಲಿಂಗದ ಮೇಲೆ ಇಟ್ಟು, "ಜಗದೇವಿಗೆ ಮಾತ್ರ ಹೇಳಬ್ಯಾಡ. ನಾ ಸತ್ತ ಮ್ಯಾಗೂ ಹೇಳಬ್ಯಾಡ" ಎಂದು ಆಣೆ ಹಾಕಿಸಿದಳು. ಯಾಕೆಂದು ನಮಗೆ ಇವತ್ತಿಗೂ ತಿಳಿದಿಲ್ಲ. ಹದಿಮೂರನೆಯ ದಿನ ಮಾತು ಕಟ್ಟಿದ ಮೇಲೆ, ಅವ್ವನಿಗೆ ಜಾಸ್ತಿಯಾಗಿದೆ ಎಂದಷ್ಟೇ ಹೇಳಿ ನಿನ್ನನ್ನು ಕರೆಸಿದೆವು.

ಅಷ್ಟೂ ದಿನ ಉಮಾ ಮುಂಜಾನೆ ನಾಲ್ಕು ರೊಟ್ಟಿ ಬಡಿದಳು. ನಾಲ್ಕನೆಯದನ್ನು ಬಿಸಿಬಿಸಿ ತಾಟಿನಲ್ಲಿಟ್ಟು ಅವ್ವನ ಮುಂದೆ ಕೈಮುಗಿದು ಕೂರುತ್ತಿದ್ದಳು. ಅವ್ವ ತಾಟಿಗೆ ಕೈ ಮುಟ್ಟಿಸಿ ಸರಿಸುತ್ತಿದ್ದಳು. ನೀನು ಬಂದ ದಿನ ಅಡುಗೆಮನೆಯ ಬುಟ್ಟಿಯಲ್ಲಿ ಕಂಡ ಒಣ ರೊಟ್ಟಿ ಅವೇ.

ಕುಣಿಯಲ್ಲಿ ಅವ್ವನ ಎಡಗೈಯಲ್ಲಿ ಹಣಮಯ್ಯನವರು ಇಟ್ಟದ್ದು ಹೊಸ ಲಿಂಗ. ನೀನೂ ನೋಡಿದೆ. ಹೊಳೆಯುತ್ತಿತ್ತು.

ಆಮೇಲೂ ಉಮಾ ನಾಲ್ಕು ಬಡಿಯುವುದನ್ನು ಬಿಡಲಿಲ್ಲ. ಒಂಬತ್ತು ವರ್ಷ. ನಾಲ್ಕನೆಯದನ್ನು ಆಕಳಿಗೆ ಹಾಕುತ್ತಿದ್ದಳು. ಸಾಕು ಬಿಡು ಎಂದರೆ ಕೇಳುತ್ತಿರಲಿಲ್ಲ.

ಶಂಕ್ರೆಪ್ಪ


ನಾರಾಯಣಖೇಡ್
೧೬ ಅಕ್ಟೋಬರ್ ೨೦೨೪

ಅಣ್ಣ,

ಇಬ್ಬರೂ ಬಾಯಿ ಮುಚ್ಚಿ ಮಲಗಿದ ಮೇಲೆ ನೀನು ಈ ಮಾತು ಹೇಳುತ್ತೀ. ಸಾಕ್ಷಿ ಯಾರು? ಹೆಂಡತಿಯ ಹೆಸರು ಕಾಯುವುದು ಗಂಡನ ಧರ್ಮ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಅವ್ವನ ಲಿಂಗ ಕಳೆದಿದ್ದರೆ ನನಗೆ ಹೇಳದೆ ಇರುತ್ತಿದ್ದಳೇ? ಹೆತ್ತ ಮಗಳು ನಾನು. ನನ್ನ ಮನೆಯಿಂದ ಹೋದವಳು.

ಕುಣಿಯಲ್ಲಿ ಹೊಳೆದದ್ದು ನೋಡಿದ್ದೇನೆ. ಅವ್ವನ ಲಿಂಗವನ್ನು ತೊಳೆದು ಎಣ್ಣೆ ಹಚ್ಚಿದ್ದಾರೆ ಎಂದುಕೊಂಡಿದ್ದೆ.

ನನಗೆ ನಂಬಿಕೆಯಿಲ್ಲ. ಹೀಗೆ ಬರೆದ ಮೇಲೂ ಪೂಜೆಗೆ ಕೂತರೆ ಕೈಯಲ್ಲಿನ ಲಿಂಗ ಭಾರವೆನಿಸುತ್ತದೆ. ಈ ಮನೆ ಕಟ್ಟಿಸಿದಾಗ ಹಾಸುಗಲ್ಲು ನೀನೇ ಕಳಿಸಿದ್ದೆ. ಮುಂಜಾನೆ ಅದರ ಮೇಲೆ ಕಾಲಿಡಲು ಹಿಂಜರಿಕೆಯಾಗುತ್ತದೆ. ಚಪ್ಪಲಿ ಹಾಕಿಕೊಂಡು ಓಡಾಡುತ್ತೇನೆ. ಕಾಶಪ್ಪನವರು ಏನಾಯಿತೆಂದು ಕೇಳಿದರು. ಹಿಮ್ಮಡಿ ಒಡೆದಿದೆ ಎಂದೆ.

ಒಂದು ಮಾತು ಮಾತ್ರ ತಿಳಿಸು. ಬುಡ ಪಿಸಿದಿದ್ದ ವಸ್ತ್ರ ಬಿಳಿಯದೋ, ಕಾವಿಯದೋ?

ಜಗದೇವಿ


ತಾಂಡೂರು
೪ ನವೆಂಬರ್ ೨೦೨೪

ಜಗದೇವಿ,

ಕಾವಿ. ನೀನು ಯಾಕೆ ಕೇಳಿದೆ ತಿಳಿಯಲಿಲ್ಲ.

ಈ ಕಾಗದ ಕೂತು ಓದು. ಪಕ್ಕದಲ್ಲಿ ಕಾಶಪ್ಪನವರು ಇರಲಿ.

ದೀಪಾವಳಿಗೆ ರೊಟ್ಟಿ ಮಾಡಿಯೇ ಬಿಡೋಣ ಎಂದು ನಿನ್ನ ಹಾಳೆ ಮುಂದಿಟ್ಟುಕೊಂಡು ಹಿಟ್ಟಿನ ಡಬ್ಬಿ ತೆಗೆದೆ. ಆರು ತಿಂಗಳು ಯಾರೂ ಕೈಯಿಡದ ಹಿಟ್ಟು. ಪೂರ್ತಿ ನುಸಿ ಹತ್ತಿತ್ತು, ಅಲುಗಾಡುತ್ತಿತ್ತು. ಉಮಾ ಇದ್ದಾಗ ಮೇಲೆ ಮೇಲೆ ಹೊಸ ಹಿಟ್ಟು ಹಾಕುತ್ತಿದ್ದಳು. ವರ್ಷಕ್ಕೊಮ್ಮೆ ಡಬ್ಬಿ ಒರೆಸಿದರೂ ತಳದ ಗಂಟನ್ನು ಕಣ್ಣಿಗೊತ್ತಿಕೊಂಡು ಹಾಗೇ ಮತ್ತೆ ಒಳಗಿಡುತ್ತಿದ್ದಳು. ನಾನು ನಿನ್ನ ಪೆನ್ಸಿಲ್ ಬರಹ ನೋಡಿದೆ, ಪುಸ್ತಕದ ಮಾತು ನೋಡಿದೆ. ಹೊಸದಾಗಿ ಕಲಿಯುವವನು ಪುಸ್ತಕ ಮೀರಬಾರದು ಎಂದು ಮೊದಲ ಪುಟದಲ್ಲೇ ಇದೆ. ಡಬ್ಬಿ ಬರಿದು ಮಾಡಿ ತೊಳೆದೆ. ಗಂಟನ್ನು ಬಿಚ್ಚಲಿಲ್ಲ, ಬಿಸಿಲಿನ ಕಲ್ಲಿನ ಮೇಲಿಟ್ಟೆ.

ಸಂಜೆ ತೆಗೆಯಲು ಹೋದರೆ ಗಂಟಿನ ಅರಿವೆ ಹುಳ ತಿಂದು ತೂತು ಬಿದ್ದಿತ್ತು. ಜೋಳವೆಲ್ಲ ಹೊಟ್ಟಾಗಿ ಸುರಿಯಿತು. ಅರಿಷಿಣದ ಬೇರು ಬಿತ್ತು. ಒಂದು ಅಡಿಕೆ ಬಿತ್ತು. ಇನ್ನೊಂದು ಅಡಿಕೆ ಎಂದು ಕೈಯಲ್ಲಿ ಹಿಡಿದದ್ದು ಅಡಿಕೆಯಲ್ಲ.

ಅವ್ವನ ಲಿಂಗ.

ಬೇರೆ ಯಾರದೋ ಇರಬಹುದೆಂದು ನೀನು ಹೇಳುತ್ತೀ. ಲಿಂಗದ ಮೇಲಿನ ಕಪ್ಪು ಕಂತಿಯ ಲೇಪದ ಒಂದು ಅಂಚಿನಲ್ಲಿ ಸಣ್ಣ ಗುಳಿಯಿದೆ. ನೀನು ಹಾಲು ಕುಡಿಯುವ ಕೂಸಾಗಿದ್ದಾಗ ಹೊಸ ಹಲ್ಲಿನಿಂದ ಕಚ್ಚಿದ್ದು. ಅವ್ವ ಅದನ್ನು ತುಂಬಿಸಿಕೊಳ್ಳಲಿಲ್ಲ. ಪೂಜೆಯಲ್ಲಿ ಬೆರಳು ಅಲ್ಲಿಗೆ ಬಂದಾಗೆಲ್ಲ ನಗುತ್ತಿದ್ದಳು.

ನಾನು ಆ ರಾತ್ರಿ ಉಣ್ಣಲಿಲ್ಲ. ಮುಂಜಾನೆ ಅಂಗಾಲಿಗೆ ನಾಲ್ಕೂ ಬಂದವು.

ಶಂಕ್ರೆಪ್ಪ


ನಾರಾಯಣಖೇಡ್
೧೦ ನವೆಂಬರ್ ೨೦೨೪

ಅಣ್ಣ,

ಕೂತೇ ಓದಿದೆ.

ಅವ್ವ ಹೊರಟ ದಿನದ ಮುಂಜಾನೆ ಒಂಬತ್ತರ ಬಸ್ಸು. ಪೂಜೆ ಮುಗಿಸಿ ಅವ್ವ ಪಡಸಾಲೆಯಲ್ಲಿ ಮೊರದ ಮುಂದೆ ಬಗ್ಗಿ ಹೊಸ ಜೋಳ ಹಸನು ಮಾಡುತ್ತಿದ್ದಳು. ಕೊರಳಿನ ಸವೆದ ಕಾವಿ ವಸ್ತ್ರ ತೋರಿಸಿ ಹೇಳಿದಳು: "ಜಗದೇವಿ, ಇದು ಜಿಬರಾಗ್ಯಾದ. ಒಂದು ಹೊಸಾದು ಹೊಲದು ಕೊಡು." ನನ್ನ ಪೆಟ್ಟಿಗೆಯಲ್ಲಿ ಅರಿವೆ ಇತ್ತು, ಸೂಜಿ ಇತ್ತು. ಕಾಲು ತಾಸಿನ ಕೆಲಸ. ನಾನು, "ಅಲ್ಲೇ ಉಮಾ ವೈನಿ ಹೊಲದು ಕೊಡ್ತಾಳ, ಬಸ್ ತಪ್ತದ, ಏಳು" ಎಂದೆ. ಅದೇ ಮೊರದಿಂದ ಐದು ಹಿಡಿ ಜೋಳ ಎತ್ತಿದೆ. ಅರಿವೆಯಲ್ಲಿ ಹಾಕಿದೆ. ನೋಡದೆ ಕಟ್ಟಿದೆ. ಕೈಗೆ ದುಂಡಗೆ ಹತ್ತಿದ್ದು ಅಡಿಕೆ ಎಂದುಕೊಂಡೆ.

ಈ ವಸ್ತ್ರದ ಮಾತು ನಾನು ಯಾರಿಗೂ ಹೇಳಿರಲಿಲ್ಲ. ನೀನು ಉಪವಾಸದ ಸಂಗತಿ ಬರೆದ ದಿನ ನೆನಪಾಯಿತು. ನಂಬಿಕೆಯಿಲ್ಲ ಎಂದು ಬರೆದೆನಲ್ಲ, ನಂಬಿಯೇ ಬರೆದದ್ದು. ನೀನು ಬಿಳಿ ಎನ್ನಲಿ ಎಂದು ಇಪ್ಪತ್ತು ದಿನ ಶಿವನನ್ನು ಬೇಡಿದೆ.

ಅವ್ವ ಯಾಕೆ ನನಗೆ ಹೇಳಬೇಡ ಎಂದಳು, ಈಗ ನಿನಗೂ ತಿಳಿದಿರಬೇಕು. ಹೊಲಿದು ಕೊಡದ ಮಗಳಿಗೆ ತಿಳಿದರೆ ಅವಳು ಹ್ಯಾಗೆ ಬದುಕುತ್ತಾಳೆ ಎಂದು. ನಾನು ಸುಖವಾಗಿ ಬದುಕಿದೆ ಅಣ್ಣ. ಉಮಾ ವೈನಿಯನ್ನು ಬೈದುಕೊಂಡು ಒಂಬತ್ತು ವರ್ಷ ಸುಖವಾಗಿ ಉಂಡೆ. ಎರಡು ಮಾರಿನ ಆಚೆ ಡಬ್ಬಿಯಲ್ಲಿ ಲಿಂಗ ಇಟ್ಟುಕೊಂಡು ಅವ್ವ ಉಪವಾಸ ಹೋದಳು. ಗಂಟಿಗೆ ಕೈ ಹಚ್ಚಬೇಡ ಎಂದು ಮೊನ್ನೆ ಪೆನ್ಸಿಲ್ಲಿನಿಂದ ಬರೆದವಳೂ ನಾನೇ.

ಹದಿನೆಂಟನೆಯ ತಾರೀಖು, ಕಾರ್ತಿಕ ಸೋಮವಾರ ಬರುತ್ತೇನೆ. ಹಣಮಯ್ಯನವರಿಗೆ ತಿಳಿಸು. ಲಿಂಗವನ್ನು ಅಲ್ಲಿಯ ತನಕ ಶುದ್ಧ ಅರಿವೆಯಲ್ಲಿಡು. ಹೊಸ ವಸ್ತ್ರ ಹೊಲಿದಿದ್ದೇನೆ, ತರುತ್ತೇನೆ.

ಜಗದೇವಿ


ನಾರಾಯಣಖೇಡ್
೨೧ ನವೆಂಬರ್ ೨೦೨೪

ಅಣ್ಣ,

ನಿನ್ನೆ ಸಂಜೆ ಮನೆ ಸೇರಿದೆ. ಝಹೀರಾಬಾದಿನಲ್ಲಿ ಇಳಿದು ಮಾಲತೀಬಾಯಿಗೆ ನೀನು ಕಲಿತ ಅಡುಗೆಯ ಸುದ್ದಿ ಹೇಳಿದೆ. ಬೇಳೆ ಸೀಯಲಿಲ್ಲವಲ್ಲ ಎಂದು ಸಮಾಧಾನಪಟ್ಟರು.

ಎರಡು ದಿನ ನಿನ್ನ ಎದುರಿಗೇ ಇದ್ದೆ. ಹೇಳಬೇಕಾದದ್ದು ಹೇಳಲಿಲ್ಲ. ನಿನಗೆ ಹೇಳಬೇಕೆಂದರೆ ಕೈಸನ್ನೆ ಮಾಡಬೇಕು. ಇದು ಕೈಸನ್ನೆಗೆ ಸಿಗುವ ಮಾತಲ್ಲ. ಅದಕ್ಕೇ ಈ ಕಾಗದ.

ಸೋಮವಾರ ಅವ್ವನ ಸಮಾಧಿಯ ಎಡಗಡೆ ಮಣ್ಣು ತೆಗೆದು, ಹಣಮಯ್ಯನವರು ಮಂತ್ರ ಹೇಳಿ ಲಿಂಗವನ್ನು ಇಟ್ಟಾಗ ನೀನು ಅತ್ತೆ. ನನಗೆ ಅಳು ಬರಲಿಲ್ಲ. ನನ್ನ ಕಣ್ಣು ಪಕ್ಕದ ಸಮಾಧಿಯ ಮೇಲಿತ್ತು. ಉಮಾ ವೈನಿಯ ಮೇಲೆ ಇನ್ನೂ ಕಲ್ಲು ಕೂರಿಸಿಲ್ಲ. ಊರಿಗೆಲ್ಲ ಕಲ್ಲು ಕೊರೆದವನು ನೀನು. ಬೇಗ ಮಾಡು.

ನನ್ನ ಆಣೆಯ ಬಗ್ಗೆ ಹಣಮಯ್ಯನವರನ್ನು ಕೇಳಿದ್ದೆ. ಸುಳ್ಳಿನ ಮೇಲೆ ಕಟ್ಟಿದ ಆಣೆ ಮುರಿದರೆ ತಪ್ಪಿಲ್ಲ, ಮುರಿಯುವ ರೀತಿ ನೀನೇ ನೋಡಿಕೋ ಎಂದರು. ಅವತ್ತು ಇಡೀ ದಿನ ನಾನು ಸಮಾಧಿಯ ಬಳಿ ಅವರು ಕೊಟ್ಟ ತೀರ್ಥದ ಮೇಲೆಯೇ ಇದ್ದೆ. ನೀನು ಮಾಡಿದ ಅನ್ನ ಬೇಳೆಯನ್ನು ಪ್ರಯಾಣದ ಆಯಾಸ ಎಂದು ಬೇಡವೆಂದೆ. ಆಯಾಸ ಅಲ್ಲ. ಉಣ್ಣಲು ಬಾಯಿ ತೆರೆಯಲಿಲ್ಲ.

ಮಂಗಳವಾರ ಮುಂಜಾನೆ ಐದೂವರೆಗೆ ಮುಂಚೆ ಎದ್ದು ಅಡುಗೆಮನೆಯಲ್ಲಿ ಬರಿಗಾಲಿನಿಂದ ನಿಂತೆ. ನೀನು ಆಗಲೇ ಎದ್ದು ಮುಂದಿನ ಕೋಣೆಯಲ್ಲಿ ಬೀದಿಬಾಗಿಲಿನ ಕಡೆ ಮುಖ ಮಾಡಿ ಕೂತಿದ್ದೆ, ಕಾಲು ಕೆಳಗೆ. ನಾನು ಇನ್ನೂ ಮಲಗಿದ್ದೇನೆಂದು ತಿಳಿದಿದ್ದೆ. ಬಹಳ ಹೊತ್ತು ನಿಂತೆ. ನನ್ನ ಅಂಗಾಲಿಗೆ ಏನೂ ಬರಲಿಲ್ಲ. ಬರುವ ಯೋಗ್ಯತೆ ನನಗಿಲ್ಲ ಎಂದುಕೊಂಡೆ. ಅದೇ ಹೊತ್ತಿಗೆ ಅಲ್ಲಿ ನಿನ್ನ ಕಾಲ್ಬೆರಳು ನೆಲವನ್ನು ಹಿಡಿದುಕೊಂಡದ್ದು ಕಂಡೆ. ನಿನಗೆ ಬರುತ್ತಿತ್ತು.

ಅದು ನಿಂತಿತೆಂದು ನಿನ್ನ ಕಾಲಿನಿಂದಲೇ ತಿಳಿದ ಮೇಲೆ, ಕಲ್ಲು ತೊಳೆದೆ, ಎಸರು ಇಟ್ಟೆ, ನಾನು ತಂದಿದ್ದ ಹಿಟ್ಟು ನಾದಿದೆ. ಒಂದು ಬಡಿದೆ. ಎರಡು ಬಡಿದೆ. ಮೂರು. ನೀನು ಅಲುಗಲಿಲ್ಲ. ನಾಲ್ಕನೆಯದಕ್ಕೆ ಹಿಟ್ಟು ಉಂಡೆ ಮಾಡಿ ಮೊದಲ ಏಟು ಹಾಕಿದೆ ನೋಡು, ನೀನು ತಿರುಗದೆ, ಬಾಗಿಲಿನ ಕಡೆಯೇ ಮುಖ ಇಟ್ಟುಕೊಂಡು ಮಾತಾಡಿದೆ. ಕಿವಿ ಹೋದವರ ದನಿ, ಮನೆ ತುಂಬಿತು. ಆಡಿದ್ದು ನಿನಗೇ ಗೊತ್ತಿರಲಿಕ್ಕಿಲ್ಲ.

"ಸಾಕು ಬಿಡು ಉಮಾ. ಅವ್ವ ಉಣ್ಣಂಗಿಲ್ಲ."

ನಾನು ಕೈ ನಿಲ್ಲಿಸಲಿಲ್ಲ. ನಾಲ್ಕನೆಯದನ್ನು ಅಂಚಿನ ತನಕ ಬಡಿದೆ, ಒಂದು ಸೀಳು ಬೀಳಲಿಲ್ಲ.

ಆಮೇಲೆ ನಿನ್ನ ಮುಂದೆ ತಾಟು ಇಟ್ಟಾಗ ಬುಟ್ಟಿಯಲ್ಲಿ ಮೂರೇ ಇದ್ದವು. ಇನ್ನೊಂದು ಎಲ್ಲಿ ಎಂದು ನಾಲ್ಕು ಬೆರಳು ಎತ್ತಿ ಕೇಳಿದೆ. ನಾನು ತಲೆ ಬಗ್ಗಿಸಿದೆ. ಈಗ ಹೇಳುತ್ತೇನೆ.

ಉಮಾ ವೈನಿಯ ತಾಟು ಗೂಡಿನಿಂದ ತೆಗೆದು, ಅದರಲ್ಲಿ ಇಟ್ಟು, ನನ್ನ ಲಿಂಗಕ್ಕೆ ತೋರಿಸಿ, ಆ ಕಲ್ಲಿನ ಪಕ್ಕದಲ್ಲೇ ಕೂತು ನಾನು ಉಂಡೆ. ಪಲ್ಲೆಯಿಲ್ಲ, ಶೇಂಗಾ ಹಿಂಡಿಯಿಲ್ಲ. ಒಂದು ಚೂರು ಬಿಡಲಿಲ್ಲ. ನಿಮ್ಮ ಮನೆಯ ಕೊಡದಿಂದ ನೀರು ಬಗ್ಗಿಸಿಕೊಂಡು ತಾಟು ತೊಳೆದೆ. ಆ ನೀರನ್ನು ಕುಡಿದೆ.

ಜಗದೇವಿ